ಬಿಸಿ ಮುಚ್ಚಿದ ಬುತ್ತಿ

ನನ್ನ ತಂಗಿಗೆ ಬಸಿರು ನಿಂತಾಗ ಅವಳ ಕಳ್ಳ ಕುಬಸ ಮಾಡುವ ಪಾಳಿ ನನಗೆ ಬಂತು. ನಮ್ಮ ಕಡೆ ಚೊಚ್ಚಲ ಬಸಿರಿನ ಐದನೆಯ ತಿಂಗಳಲ್ಲಿ ತವರಿನವರು ಹೊರಗಿನವರಿಗೆ ಹೇಳದೆ ಹೋಗಿ, ಹುಡುಗಿಗೆ ಹಸಿರು ಕುಪ್ಪಸ ತೊಡಿಸಿ, ಉಡಿ ತುಂಬಿ, ತಾವು ಕಟ್ಟಿಕೊಂಡು ಹೋದ ಬುತ್ತಿಯನ್ನು ಉಣಿಸಿ ಬರುತ್ತಾರೆ. ಊರಿಗೆಲ್ಲ ಹೇಳಿ ಮಾಡುವ ದೊಡ್ಡ ಕುಬಸ ಆಮೇಲಿನದು. ಇದು ಗುಟ್ಟಿನದು. ಈ ಬುತ್ತಿ ಬಸುರಿಯ ಬಾಯಿಗೆ ಬೀಳುವ ಮೊದಲು ಬೇರೆಯವರ ಕಣ್ಣಿಗೆ ಬೀಳಬಾರದು, ದಾರಿಯಲ್ಲಿ ಗಂಟು ಬಿಚ್ಚಬಾರದು. ಚಿಗವ್ವನ ಕುಬಸಕ್ಕೆ ಬುತ್ತಿ ಕಟ್ಟುವಾಗ ನಮ್ಮ ಅವ್ವ ಹೇಳಿದ ಈ ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಅವತ್ತು ಅವ್ವ ಕಟ್ಟಿದ್ದು ಎಣ್ಣೆಯಲ್ಲಿ ಕರಿದ, ಇಡೀ ದಿನ ಆರಿದ ಕಡಬು ಎಂಬುದು ಮಾತ್ರ ನನಗೆ ನೆನಪಾಗಲಿಲ್ಲ.

ಅವ್ವ ತೀರಿಕೊಂಡಾಗ ನಾನು ಐದನೆಯ ಇಯತ್ತೆಯಲ್ಲಿದ್ದೆ. ತಂಗಿ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಅಪ್ಪ ಹೊಲಕ್ಕೆ ಹೋದರೆ ಅವಳನ್ನು ನೋಡುವವರಿಲ್ಲವೆಂದು ನನ್ನ ಶಾಲೆ ಬಿಡಿಸಿದರು. ಆಮೇಲೆ ಅವಳ ತಲೆ ಬಾಚಿದ್ದು, ಹೇನು ತೆಗೆದದ್ದು, ಅವಳು ಶಾಲೆಗೆ ಹೋಗುವಾಗ ಬುತ್ತಿ ಕಟ್ಟಿದ್ದು ಎಲ್ಲ ನಾನೇ. ನನ್ನನ್ನು ಲಚ್ಯಾಣದ ಹತ್ತಿರದ ನಮ್ಮ ಊರಲ್ಲೇ ಸೋದರಮಾವನ ಮನೆಗೆ ಕೊಟ್ಟರು. ಅವಳನ್ನು ಕೊಟ್ಟದ್ದು ದೂರಕ್ಕೆ, ಮುದ್ದೇಬಿಹಾಳ ದಾಟಿ ಹೊಳೆದಂಡೆಯ ತಂಗಡಗಿಗೆ.

ಕುಬಸದ ದಿನ ಗೊತ್ತು ಮಾಡಿ ಫೋನ್ ಮಾಡಿದಾಗ ಅವಳ ದನಿ ಸೊರಗಿತ್ತು.

“ಅಕ್ಕಾ, ಏನ್ ತಿಂದ್ರೂ ನಿಲ್ಲವಲ್ದು. ಎಣ್ಣಿ ವಾಸನಿ ಬಂದ್ರ ಸಾಕು, ಹೊಟ್ಟಿ ತೊಳಸತೈತಿ.”

“ಏನ್ ತರ್ಲಿ ಹೇಳು.”

“ಕುದಿಸಿದ ಹೂರಣಗಡಬ. ಪಂಚಮಿಗೆ ಮಾಡ್ತಿದ್ದಿಯಲ್ಲ, ಅಂಥಾವು.”

“ಅವನ್ನ ತಿಂದು ನಿನ್ನ ಹೊಟ್ಟಿನೂ ಕಡಬಿನಂಗ ಆಕ್ಕೈತಿ ನೋಡು.”

“ಆಗ್ಲೇ ಆಗೇತಿ. ಬಂದ್ ನೋಡು ಬಾ,” ಎಂದು ನಕ್ಕಳು.

ಅದು ಬೇಸಿಗೆಯ ದಿನ. ನಸುಕಿನ ಬಸ್ಸು ಹಿಡಿಯಬೇಕೆಂದು ಹಿಂದಿನ ದಿನ ಸಂಜೆಯೇ ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ ರುಬ್ಬಿ, ಗೋಧಿ ಹಿಟ್ಟಿನೊಳಗೆ ಹೂರಣ ತುಂಬಿ ಕಡಬು ಕುದಿಸಿದೆ. ಬಟ್ಟೆಯ ಮೇಲೆ ಹರವಿ ಆರಲು ಬಿಡಬೇಕಿತ್ತು. ಪಡಸಾಲೆಯಲ್ಲಿ ಬಟ್ಟೆ ಹಾಸಿಯೂ ಇದ್ದೆ. ಅಷ್ಟರಲ್ಲಿ ಮಗ್ಗಲ ಮನೆಯವಳು ಹೊಸ್ತಿಲಿಗೆ ಬಂದು ಮೂಗು ಅರಳಿಸಿದಳು.

“ಏನ್ ಪರಿಮಳ ಬಿಟ್ಟಿಯವ್ವ! ಯಾವ ಹಬ್ಬ ಇವತ್ತ ನಿಮ್ಮನ್ಯಾಗ?”

“ಹಬ್ಬ ಏನಿಲ್ಲ, ನಮ್ಮ ಮನಿಯವ್ರಿಗೆ ಆಸೆ ಆಗಿತ್ತು.”

“ನಮ್ಮ ಮನಿಯವ್ರಿಗೂ ಆಸೆ ಆಗತೈತಿ, ನಾ ಮಾಡಬೇಕಲ್ಲ,” ಎಂದು ನಗುತ್ತಾ ಅವಳು ಒಳಗೆ ಇಣುಕಿದಳು.

ನಾನು ಸೆರಗು ಅಡ್ಡ ಹಿಡಿದೆ. ಅವಳು ಹೋದದ್ದೇ ತಡ, ಹೊಗೆಯಾಡುವ ಕಡಬುಗಳನ್ನು ಹಾಗೆಯೇ ಎರಡು ಸ್ಟೀಲ್ ಡಬ್ಬಿಗಳಿಗೆ ಒತ್ತಿ ತುಂಬಿ, ಮುಚ್ಚಳ ಬಿಗಿದು, ಹಳೆಯ ನೂಲಿನ ಸೀರೆಯಲ್ಲಿ ಸುತ್ತಿಬಿಟ್ಟೆ. ಇನ್ನಾರ ಕಣ್ಣಿಗೂ ಬೀಳದಂತೆ ಮಾಡಿದೆನಲ್ಲ ಎಂದು ನನಗೆ ಸಮಾಧಾನವಾಯಿತು. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಸಣ್ಣ ಬಾಟಲಿಯಲ್ಲಿ ತುಪ್ಪ ಇಟ್ಟುಕೊಂಡೆ.

ಇಂಡಿಯಿಂದ ಸಿಂದಗಿಯ ಬಸ್ಸು ಸಿಕ್ಕಿತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಬದಿಯಲ್ಲಿ ನಿಂತಿದ್ದ ಮುದುಕಿ ನನ್ನನ್ನೇ ನೋಡುತ್ತಿದ್ದಳು.

“ಕೂಸಿನಂಗ ಅವಚ್ಕೊಂಡೀಯಲ್ಲವ್ವ, ಬಂಗಾರ ಐತೇನ ಅದರಾಗ?”

“ಬಂಗಾರೆಲ್ಲಿಂದು ಆಯಿ, ಅರಬಿ ಅದಾವು,” ಎಂದೆ, ಬಟ್ಟೆಯ ಗಂಟೆಂದೇ ನಂಬಲೆಂದು.

“ಅರಬಿ ಆದ್ರ ನನ್ನ ಮೊಮ್ಮಗನ್ನ ತೊಡಿಮ್ಯಾಲ ಕುಂದ್ರಿಸ್ಕೊ. ಅದನ್ನ ಕೆಳಗಿಡು.”

ಕಂಡಕ್ಟರ್ ಅಲ್ಲೇ ಇದ್ದ. “ಕೆಳಗ ಎಲ್ಲಿ ಜಾಗ ಐತಿ? ಇತ್ತಾಗ ಕೊಡ್ರಿ,” ಎಂದು ಗಂಟನ್ನು ಕಿತ್ತುಕೊಂಡವನೇ ಡ್ರೈವರನ ಮಗ್ಗುಲಿನ ಎಂಜಿನ್ ಪೆಟ್ಟಿಗೆಯ ಮೇಲೆ, ಬೇರೆ ಚೀಲಗಳ ನಡುವೆ ಇಟ್ಟುಬಿಟ್ಟ. ಅದರ ಮೇಲೆ ಕೈಯಿಟ್ಟರೆ ಚುರುಕ್ ಎನ್ನುತ್ತದೆ ಎಂದು ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಒಳಗೆ ಅಡುಗೆಯಿದೆ, ಅಲ್ಲಿ ಇಡಬೇಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಎಲ್ಲಿಗೆ, ಯಾರಿಗೆ, ಏನು ವಿಶೇಷ ಎಂದು ಮುದುಕಿ ಬಿಡಿಸಿ ಕೇಳುತ್ತಿದ್ದಳು. ಸುಮ್ಮನೆ ಕುಳಿತೆ. ಸಿಂದಗಿಯ ತನಕ ಗಂಟು ಆ ಬಿಸಿಯ ಮೇಲೆಯೇ ಇತ್ತು.

ಸಿಂದಗಿಯಲ್ಲಿ ಬಸವನ ಬಾಗೇವಾಡಿಯ ಬಸ್ಸು ಹೋಗಿಬಿಟ್ಟಿತ್ತು. ಮುಂದಿನದಕ್ಕೆ ಬಹಳ ಹೊತ್ತು ಕಾಯ್ದೆ. ತಗಡಿನ ನೆರಳಿನಲ್ಲಿ ಕುಳಿತರೂ ಬೆವರು ಇಳಿಯುತ್ತಿತ್ತು. ಗಂಟನ್ನು ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಬೆಚ್ಚಗಿದ್ದರೆ ಒಳ್ಳೆಯದೇ, ತಂಗಿಗೆ ಬೆಚ್ಚಗೇ ಸಿಗುತ್ತದೆ ಎಂದುಕೊಂಡೆ. ನನ್ನ ತಿಳಿವಳಿಕೆ ಅಷ್ಟೇ ಇತ್ತು.

ಬಾಗೇವಾಡಿಯಲ್ಲಿ ಇಳಿಯುವಾಗ ಸೀರೆಯ ಮೂಲಕ ಒಂದು ವಾಸನೆ ಮೂಗಿಗೆ ಬಡಿಯಿತು. ಹೆಂಡದ ವಾಸನೆಯ ಹಾಗೆ, ಸಿಹಿಯೂ ಹುಳಿಯೂ ಕೂಡಿದ್ದು. ಬಸ್‌ನಿಲ್ದಾಣದ ಹಿಂದೆ, ಜಾಲಿ ಬೆಳೆದಲ್ಲಿ ಹೋಗಿ ಕುಳಿತು, ಬಿಚ್ಚಬಾರದ ಗಂಟನ್ನು ಬಿಚ್ಚಿದೆ. ಕೆಳಗಿನ ಡಬ್ಬಿಯ ಮುಚ್ಚಳ ತೆಗೆದಾಗ ಟಪ್ ಎಂದು ಸದ್ದಾಯಿತು. ಕಡಬುಗಳೆಲ್ಲ ಬೆವೆತು ಒಂದಕ್ಕೊಂದು ಅಂಟಿದ್ದವು. ಒಂದನ್ನು ಮುರಿದರೆ ಹೂರಣ ನೂಲಿನಂತೆ ಎಳೆಯೆಳೆಯಾಗಿ ಬಂತು. ಹಳಸಿದ್ದಕ್ಕೆ ಅದಕ್ಕಿಂತ ಗುರುತು ಬೇಕಿಲ್ಲ. ಅಷ್ಟನ್ನೂ ಅಲ್ಲೇ ಸುರಿದೆ. ಹಂದಿಗಳು ಬಂದವು.

ಮೇಲಿನ ಡಬ್ಬಿಯನ್ನು ತೆಗೆದೆ. ಅದರಲ್ಲೂ ಮುಚ್ಚಳದಿಂದ ನೀರಿನ ಹನಿ ಇಳಿದಿತ್ತು. ವಾಸನೆ ಮಾತ್ರ ಅಷ್ಟಿರಲಿಲ್ಲ. ಮುರಿದು ನೋಡಿದೆ, ಎಳೆ ಬರಲಿಲ್ಲ. ಬಂದೀತೆಂಬ ಹೆದರಿಕೆಯಲ್ಲಿ ಎರಡನೆಯದನ್ನು ಮುರಿಯಲಿಲ್ಲ.

ಅದನ್ನೂ ಸುರಿದು, ರೊಟ್ಟಿ, ಶೇಂಗಾ ಹಿಂಡಿ ಹಿಡಿದುಕೊಂಡು ಹೋಗಬಹುದಿತ್ತು. ರೊಟ್ಟಿ ಗರಿಗರಿಯಾಗಿಯೇ ಇದ್ದವು, ಇನ್ನೂ ಎಂಟು ದಿನ ಇಟ್ಟರೂ ಕೆಡುತ್ತಿರಲಿಲ್ಲ. ಆದರೆ ನನಗೆ ತಂಗಿಯ ಮದುವೆಯಲ್ಲಿ ಅವಳ ಅತ್ತೆ ಆಡಿದ ಮಾತು ನೆನಪಾಯಿತು. “ತಾಯಿಲ್ಲದ ಮನಿ, ಅಲ್ಲಿಂದ ಏನ್ ಬರತೈತಿ ಬಿಡು,” ಎಂದು ಯಾರಿಗೋ ಹೇಳಿದ್ದಳು. ಒಣ ರೊಟ್ಟಿ ತಂದ ತವರು ಎನ್ನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಪ್ರತಿಯೊಂದು ಕಡಬನ್ನೂ ಸೆರಗಿನಿಂದ ಒರೆಸಿದೆ. ಬಾಟಲಿಯ ತುಪ್ಪವನ್ನು ಬೆರಳಿನಲ್ಲಿ ಸವರಿದೆ. ನಿಲ್ದಾಣದ ಮುಂದಿನ ಅಂಗಡಿಯಲ್ಲಿ ಏಲಕ್ಕಿ ಕೊಂಡು, ಕಲ್ಲಿನಿಂದ ಜಜ್ಜಿ ಮೇಲೆ ಉದುರಿಸಿದೆ. ಈಗ ಮೂಸಿದರೆ ತುಪ್ಪ ಮತ್ತು ಏಲಕ್ಕಿಯ ಪರಿಮಳ ಮಾತ್ರ ಬರುತ್ತಿತ್ತು. ಇದನ್ನು ನಾನು ತಿಳಿಯದೆ ಮಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಡಗುಂದಿ, ಮುದ್ದೇಬಿಹಾಳ ದಾಟಿ ತಂಗಡಗಿ ಮುಟ್ಟುವಾಗ ಹೊತ್ತು ಇಳಿದಿತ್ತು. ತಂಗಿಯ ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದಳು.

“ಬರ್ರಿ ಬರ್ರಿ, ಸಣ್ಣ ಬೀಗತಿ. ಕಳ್ಳರು ಬರೋ ಹೊತ್ತಿಗೇ ಬಂದೀರಿ.”

“ಕಳ್ಳ ಕುಬಸಕ್ಕ ಹಾಡಹಗಲ ಬರಾಕ ಆಕ್ಕೈತೇನ್ರಿ ಅತ್ತಿ?”

“ಬಾಯಿ ಜೋರೈತಿ ನಿಂದು. ಬುತ್ತಿ ಎಷ್ಟ್ ಜೋರೈತಿ ನೋಡೂಣು.”

ತಂಗಿಯ ಕಣ್ಣು ಒಳಗೆ ಹೋಗಿದ್ದವು, ಕೈ ಬಳೆಗಳು ಸಡಿಲಾಗಿದ್ದವು. ಆದರೂ ಅವಳು ನಿಂತಲ್ಲೇ ಹೊಟ್ಟೆಯ ಮೇಲೆ ಸೀರೆ ಬಿಗಿದು ತೋರಿಸಿ ನಕ್ಕಳು. ಹಸಿರು ಕುಪ್ಪಸ ತೊಡಿಸಿದೆ. ಉಡಿ ತುಂಬಿದೆ. ಮೊದಲ ತುತ್ತನ್ನು ನನ್ನ ಕೈಯಿಂದಲೇ ಅವಳ ಬಾಯಿಗೆ ಇಟ್ಟೆ. ಅವಳು ಕಣ್ಣು ಮುಚ್ಚಿಕೊಂಡು ಅಗಿದಳು. ಎಷ್ಟೋ ದಿನದಿಂದ ಅನ್ನ ಕಾಣದವಳಂತೆ ಮತ್ತೆ ಮತ್ತೆ ಕೇಳಿ ತಿಂದಳು. ಅತ್ತೆಗೆ ಸಕ್ಕರೆ ಬ್ಯಾನೆ, ಅವಳು ಬರೀ ರೊಟ್ಟಿ ತೆಗೆದುಕೊಂಡಳು. ತಂಗಿಯ ಗಂಡ ನಿಡಗುಂದಿಯ ಕಡೆ ಟ್ರ್ಯಾಕ್ಟರ್ ಹೊಡೆಯಲು ಹೋಗಿದ್ದ. ಏನೂ ಆಗುವುದಿಲ್ಲವೆಂದು ನನಗೆ ನಾನೇ ಧೈರ್ಯ ಹೇಳಿಕೊಳ್ಳಲು ನಾನೂ ಒಂದು ಕಡಬು ತಿಂದೆ.

ಊಟವಾದ ಮೇಲೆ ಪಾತ್ರೆ ತೊಳೆಯುವಾಗಲೇ ನನ್ನ ಹೊಟ್ಟೆ ಹಿಂಡತೊಡಗಿತು. ತಂಬಿಗೆ ಹಿಡಿದು ಹಿತ್ತಲಿಗೆ ಹೋದೆ. ಮತ್ತೆ ಹೋದೆ. ಒಳಗೆ ತಂಗಿ ವಾಂತಿ ಮಾಡುವ ಸದ್ದು ಕೇಳುತ್ತಿತ್ತು. ಅವಳದು ಬಸಿರಿನ ವಾಂತಿಯಲ್ಲವೆಂದು ನನ್ನ ಹೊಟ್ಟೆಯೇ ನನಗೆ ಹೇಳುತ್ತಿತ್ತು. ಮುಖ ತೊಳೆದುಕೊಂಡು ಒಳಗೆ ಬಂದು, ನನಗೇನೂ ಆಗಿಲ್ಲವೆನ್ನುವಂತೆ ಅವಳ ಬೆನ್ನು ಸವರುತ್ತಾ ಕುಳಿತೆ.

“ಚೊಚ್ಚಲ ಬಸಿರಾಗ ಹಿಂಗ ಆಗೂದ. ನಾ ನಾಕು ಹಡದೇನಿ, ನನಗ ಗೊತ್ತೈತಿ,” ಎಂದಳು ಅತ್ತೆ. “ನೀರ ಕೊಡಬ್ಯಾಡ. ಕೊಟ್ಟಷ್ಟೂ ಹೊರಗ ಬರತೈತಿ.”

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಮ್ಮ ಮನೆಗಳಲ್ಲೂ ಹಾಗೆಯೇ ಮಾಡುತ್ತಿದ್ದೆವು. ತಂಗಿ ನೀರು ನೀರು ಎಂದರೆ ತುಟಿಗೆ ಒದ್ದೆ ಬಟ್ಟೆ ಒತ್ತಿದೆವು. ಬೆಳಗಾಗುವಷ್ಟರಲ್ಲಿ ಅವಳ ಮೈ ಕಾದಿತ್ತು, ನಾಲಿಗೆ ಒಣಗಿತ್ತು.

ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದಳು. ಅದೇ ಓಣಿಯ ಸೊಸೆ. ತಂಗಿಯ ಕೈಯ ಚರ್ಮ ಹಿಡಿದು ಎತ್ತಿ ಬಿಟ್ಟಳು, ಅದು ಹಾಗೆಯೇ ನಿಂತಿತು.

“ಬರೇ ವಾಂತಿ ಏನು, ಹೊಟ್ಟಿನೂ ಜಾಡಿಸೇತಿ?”

“ಎರಡೂ ಐತಿ. ಅದಕ್ಕ ನೀರ ಬಿಡ್ಸೇವಿ,” ಎಂದಳು ಅತ್ತೆ.

“ಎರಡೂ ಐತಿ ಅಂದ್ರ ಇದು ಬಸಿರಿನ ವಾಂತಿ ಅಲ್ರಿ. ನೀರ ಯಾಕ ಬಿಡ್ಸೀರಿ? ಈ ಪುಡಿ ಕಲಸಿ ಚಮಚೆ ಚಮಚೆ ಕುಡಸ್ರಿ, ವಾಂತಿ ಆದ್ರೂ ಬಿಡಬ್ಯಾಡ್ರಿ. ನಿನ್ನೆ ಏನ್ ತಿಂದಾಳ?”

ಅತ್ತೆ ನನ್ನ ಕಡೆ ನೋಡಿದಳು. ತಂಗಿಯ ಕಣ್ಣು ಅರ್ಧ ಮುಚ್ಚಿದ್ದವು.

“ಹಳಸಿದ್ದು, ಹೊರಗಿಂದು ಏನರ?” ಎಂದು ಆಶಾ ಮತ್ತೆ ಕೇಳಿದಳು.

“ಇಲ್ರಿ,” ಎಂದೆ ನಾನು. “ಎಲ್ಲಾ ಮನ್ಯಾಗಿಂದ, ತಾಜಾ ಮಾಡಿದ್ದು.”

ನನ್ನ ಬದುಕಿನಲ್ಲಿ ಇನ್ನೇನಾದರೂ ತಪ್ಪು ಮಾಡಿದ್ದರೆ ಅದು ಈ ಒಂದು ಮಾತಿನ ಮುಂದೆ ಏನೂ ಅಲ್ಲ. ಕೆಟ್ಟದ್ದು ತಿಂದಿದ್ದಾಳೆ ಎಂದಿದ್ದರೆ ಆಶಾ ಆಗಲೇ ಗಾಡಿ ತರಿಸುತ್ತಿದ್ದಳು. ತಾಜಾ ಎಂದದ್ದಕ್ಕೆ ಅವಳು, ಮಧ್ಯಾಹ್ನದ ತನಕ ನೋಡಿ, ಕಡಿಮೆಯಾಗದಿದ್ದರೆ ಮುದ್ದೇಬಿಹಾಳಕ್ಕೆ ಒಯ್ಯಿರಿ ಎಂದು ಹೇಳಿ ಹೋದಳು. ಕಳ್ಳ ಕುಬಸವಾದ ಮಾರನೆಯ ದಿನ ಬಸುರಿಯನ್ನು ಬಿಸಿಲಿಗೆ ಒಯ್ಯುವುದು ಬೇಡ, ಹೊತ್ತು ಇಳಿಯಲಿ ಎಂದಳು ಅತ್ತೆ. ನಾನು ಅದಕ್ಕೂ ತಲೆಯಾಡಿಸಿದೆ.

ನಾವು ದವಾಖಾನೆ ಮುಟ್ಟುವಾಗ ಸಂಜೆಯಾಗಿತ್ತು. ಸೂಜಿ ಚುಚ್ಚಲು ಬೇಗ ನರ ಸಿಗಲಿಲ್ಲ, ಕೊನೆಗೆ ಸಲಾಯಿನ್ ಹಚ್ಚಿದರು. ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದಳು. ಅಷ್ಟರಲ್ಲಿ ತಂಗಿಯ ಗಂಡನೂ ಬಂದು ನಿಂತಿದ್ದ. ಒಂದು ಸಲ ಸುಳ್ಳು ಹೇಳಿದವಳಿಗೆ ಎರಡನೆಯ ಸಲ ಬಾಯಿ ತೆರೆಯುವುದೂ ಬೇಕಾಗಲಿಲ್ಲ. ಅತ್ತೆಯೇ ನನ್ನ ಪರವಾಗಿ, “ಎಲ್ಲಾ ತಾಜಾ ಉಂಡಾಳ್ರಿ,” ಎಂದು ಹೇಳಿದಳು.

ತಂಗಿ ಉಳಿದಳು. ಕೂಸು ಉಳಿಯಲಿಲ್ಲ. ಬಟ್ಟೆಯಲ್ಲಿ ಸುತ್ತಿ ಅವಳ ಗಂಡ ಒಯ್ದ. ಆ ಗಂಟು ಎಷ್ಟು ಸಣ್ಣದಿತ್ತು ಎಂದು ಬರೆಯಲು ನನಗೆ ಶಕ್ತಿಯಿಲ್ಲ.

ಹೀಗಾದದ್ದು ಇಂಥದ್ದರಿಂದಲೇ ಎಂದು ಡಾಕ್ಟರಮ್ಮ ಹೇಳಲಿಲ್ಲ. ಜ್ವರ, ಮೈಯ ನೀರು ಆರಿದ್ದು, ತಡವಾಗಿ ತಂದದ್ದು ಎಂದಳು. ಆದರೆ ಮನೆಯಲ್ಲಿ ಕಾರಣ ಬೇಕಿತ್ತು. ನಾನು ಹೊರಡುವ ದಿನ ಅತ್ತೆ ಕಟ್ಟೆಯ ಮೇಲೆ ಇನ್ನೊಬ್ಬಳ ಮುಂದೆ ಹೇಳುತ್ತಿದ್ದುದು ಕೇಳಿಸಿತು. “ಆಕಿ ಹೊಟ್ಟಿನ ಗಟ್ಟಿ ಇಲ್ಲ. ಕಡಬ ತಿಂದು ಜೀರ್ಣಿಸ್ಕೊಳ್ಳಾಕ ಆಗ್ಲಿಲ್ಲ ಅಂದ್ರ, ಕೂಸು ಹೆಂಗ ಹೊರ್ತಾಳ?” ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಮುಂದೆಯೇ ಹಾದು ಬಸ್ಸಿಗೆ ನಡೆದೆ.

ಆಮೇಲಿನ ಪಂಚಮಿಗೆ ತಂಗಿ ಬರಲಿಲ್ಲ, ಅತ್ತೆ ಕಳಿಸಲಿಲ್ಲ. ಅದರ ಮುಂದಿನ ವರ್ಷ ಬಂದಳು. ಮೊದಲಿನಂತೆ ಜೋಕಾಲಿಗೆ ಓಡಲಿಲ್ಲ. ಅಡುಗೆಮನೆಯಲ್ಲಿ ಕುಳಿತು ನನ್ನ ಜೊತೆ ಉಂಡಿ ಕಟ್ಟುತ್ತಿದ್ದಳು. ಕಟ್ಟುತ್ತಾ ಕಟ್ಟುತ್ತಾ, ಮಳೆ ಬೆಳೆಯ ಮಾತು ಆಡಿದಷ್ಟು ಸಹಜವಾಗಿ ಹೇಳಿದಳು.

“ಅಕ್ಕಾ, ನನ್ನ ಹೊಟ್ಟಿ ಗಟ್ಟಿ ಇಲ್ಲಂತ. ಖರೇನ ಇರಬೇಕು. ಈಗ ನಾನೂ ಹಂಗ ಅನಾಕತ್ತೇನಿ.”

ಅತ್ತೆಯ ಮಾತು ಅವಳ ಸ್ವಂತ ಮಾತಾಗಿತ್ತು. ಅಲ್ಲಿಯವರೆಗೆ ನಾನು, ಹೇಳಿದರೆ ಅವಳ ನೋವು ಹೆಚ್ಚುತ್ತದೆ, ಹೋದ ಕೂಸು ತಿರುಗಿ ಬರುವುದಿಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಅವತ್ತು ಆ ನಂಬಿಕೆ ನಿಲ್ಲಲಿಲ್ಲ. ಬಿಸಿ ಮುಚ್ಚಿದ್ದು, ಎಂಜಿನ್ ಮೇಲೆ ಇಟ್ಟಾಗ ಸುಮ್ಮನಿದ್ದದ್ದು, ಬಾಗೇವಾಡಿಯಲ್ಲಿ ಒರೆಸಿದ್ದು, ನನ್ನ ಹೊಟ್ಟೆಯೂ ಕೆಟ್ಟದ್ದು ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಉಂಡಿಯನ್ನು ತಟ್ಟೆಯಲ್ಲಿ ಇಟ್ಟಳು.

“ತುಪ್ಪ ಅದಕ್ಕ ಹಚ್ಚಿದ್ದೇನ?”

“ಹೂಂ.”

“ಆಶಾ ಕೇಳಿದಾಗ ನೀ ಬಾಜೂಕ ಇದ್ದಿ.”

“ಇದ್ನೆವ್ವ.”

“ನಾ ನೀರ ನೀರ ಅಂದಾಗನೂ ನಿನಗ ಗೊತ್ತಿತ್ತು.”

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

“ಕಡಬ ಕೆಟ್ಟಿದ್ದಕ್ಕ ನಾ ಏನೂ ಅನ್ನಂಗಿಲ್ಲ. ಕೆಡತೈತಿ. ನೀ ಸುಮ್ನಿದ್ದಿದ್ದಕ್ಕ ನಾ ಏನ್ ಮಾಡ್ಲಿ ಹೇಳು? ವರ್ಷದ ಮ್ಯಾಲಾತು, ಆ ಮನ್ಯಾಗ ನಾ ಏನೇನ್ ಕೇಳೇನಿ ನಿನಗ ಗೊತ್ತೇನು?” ತಟ್ಟೆಯನ್ನು ಬದಿಗೆ ಸರಿಸಿ ಹೇಳಿದಳು, “ಅತ್ತೀಗಿ ಹೇಳು. ನಾ ಹೇಳಿದ್ರ ನಂಬಂಗಿಲ್ಲ. ನೀನ ಬಂದು ಹೇಳು.”

ಹೋದೆ. ಅದೇ ಇಂಡಿ, ಅದೇ ಸಿಂದಗಿ, ಅದೇ ಬಾಗೇವಾಡಿ, ಈ ಸಲ ಬರಿಗೈ. ಅತ್ತೆ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ, ಮೊರದಲ್ಲಿ ಹೊಡೆಯುತ್ತಾಳೆ ಎಂದು ಕಾಯ್ದೆ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಮೊರವನ್ನು ಕೆಳಗಿಟ್ಟಳು.

“ನಾ ಒಂದ್ ಮಾತ ಅಂದಿದ್ದೆ, ತಾಯಿಲ್ಲದ ಮನಿ ಅಂತ. ಅದನ್ನ ಮನಸಿನ್ಯಾಗ ಇಟ್ಕೊಂಡ ಹಳಸಿದ್ದು ತಂದೀ?”

“ಹೌದ್ರಿ.”

“ಆ ಪೋರಿಗೆ ನಾ ಎಂಥೆಂಥಾ ಮಾತ ಅಂದೆ. ಊರಾಗೆಲ್ಲಾ ಹೇಳ್ಕೋತ ತಿರಗ್ಯಾಡಿದೆ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಇನ್ನ ಯಾರ್ಯಾರ ಮನಿಗಿ ಹೋಗಿ ಹೇಳ್ಲಿ, ಆಕೀದಲ್ಲ ತಪ್ಪು ಅಂತ?”

ತಂಗಿ ಒಳಗೇ ಇದ್ದಳು. ಅವಳ ಬಳೆಯ ಸದ್ದು ಕೇಳುತ್ತಿತ್ತು. ಹೊರಗೆ ಬರಲಿಲ್ಲ. ಅತ್ತೆಯೇ ಒಂದು ಚೊಂಬು ನೀರು ತಂದು ಕೊಟ್ಟಳು.

ಈಗ ನಮ್ಮ ಓಣಿಯಲ್ಲಿ ಯಾರು ಪರ ಊರಿಗೆ ಬುತ್ತಿ ಕಟ್ಟಿದರೂ ನಾನು ಕರೆಯದೆ ಹೋಗಿ ನಿಲ್ಲುತ್ತೇನೆ. ಆರಲಿ, ಆಮೇಲೆ ಮುಚ್ಚಿರಿ ಎನ್ನುತ್ತೇನೆ. ಬೇಸಿಗೆಯಲ್ಲಿ ಹೂರಣ, ಅನ್ನ, ಬೆಂದ ಬೇಳೆ ಬೇಡ, ರೊಟ್ಟಿ ಹಿಂಡಿ ಒಯ್ಯಿರಿ ಎನ್ನುತ್ತೇನೆ. ಸಂಶಯ ಬಂದರೆ ಬಸ್ಸಿನ ಕಿಟಕಿಯಿಂದಲೇ ಚೆಲ್ಲಿಬಿಡಿ, ತಿಂದು ಕೆಟ್ಟರೆ ನೀರು ಬಿಡಿಸಬೇಡಿ, ತಿಂದದ್ದನ್ನು ಮುಚ್ಚಿಡಬೇಡಿ ಎಂದೂ ಹೇಳುತ್ತೇನೆ. ಹೆಂಗಸರು ನಗುತ್ತಾರೆ. ಮಗ್ಗಲ ಮನೆಯವಳು, “ಬಂದ್ಳು ನೋಡ್ರಿ ಬುತ್ತಿ ಇನ್‌ಸ್ಪೆಕ್ಟರ್,” ಎನ್ನುತ್ತಾಳೆ. ಅವರಿಗೆ ಉಳಿದದ್ದು ಗೊತ್ತಿಲ್ಲ.

ತಂಗಿಗೆ ಮತ್ತೆ ಬಸಿರಾದದ್ದು ನನಗೆ ಬೇರೆಯವರಿಂದ ತಿಳಿಯಿತು. ಕುಬಸವನ್ನು ಅತ್ತೆಯೇ ನಿಂತು ಮಾಡಿದಳಂತೆ. ತವರಿಗೆ ಹಡೆಯಲು ಬರುತ್ತಾಳೆ ಎಂದು ಒಳಮನೆಯನ್ನು ಸುಣ್ಣ ಬಳಿದು ಇಟ್ಟಿದ್ದೆ. ಬರಲಿಲ್ಲ. ಮೊನ್ನೆ ಅವಳ ಗಂಡ ಫೋನ್ ಮಾಡಿದ.

“ಹೆಣ್ಣ ಕೂಸು ಆಗೇತ್ರಿ ಅಕ್ಕಾರ. ಇಬ್ರೂ ಆರಾಮ ಅದಾರ.”

ನನಗೆ ಅಳು ಬಂತು. ಅತ್ತು ಮುಗಿಸುವ ತನಕ ಅವನು ಫೋನ್ ಇಡಲಿಲ್ಲ, ಒಳ್ಳೆಯ ಮನುಷ್ಯ. ಆಮೇಲೆ ನಾನು, ಒಂದು ಸಲ ನೋಡಲು ಬರಲೇ, ಏನೂ ತರುವುದಿಲ್ಲ, ಉಣ್ಣುವುದೂ ಇಲ್ಲ, ನೋಡಿ ಬರುತ್ತೇನೆ ಎಂದೆ. ಅವನ ಹಿಂದೆ ಎಳೆಗೂಸು ಅಳುತ್ತಿತ್ತು. ಅದನ್ನು ಸಮಾಧಾನ ಮಾಡುವ ತಂಗಿಯ ದನಿಯೂ ಸಣ್ಣಗೆ ಕೇಳಿಸಿತು. ಅವಳು ಚಿಕ್ಕವಳಿದ್ದಾಗ ನಾನು ಅವಳನ್ನು ಸಮಾಧಾನ ಮಾಡುತ್ತಿದ್ದ ಅದೇ ಧಾಟಿ.

“ಆಕೀನ್ನ ಕೇಳಿ ಹೇಳ್ತೇನ್ರಿ,” ಎಂದ ಅವನು.

ಇನ್ನೂ ಹೇಳಿಲ್ಲ.